ಬಿತ್ತನೆ ಕಾಲದ ನವಿಲು

ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಧಾರಾಪುರಂ ಸುತ್ತಿನ ಖುಷ್ಕಿ ರೈತರು ಬೆಳೆ ಸಾಲ ತೀರಿಸಲಾಗದ್ದಕ್ಕೆ ಎರಡೇ ಕಾರಣ ಹೇಳುತ್ತಿದ್ದರು. ಮಳೆ ಬರಲಿಲ್ಲ, ಇಲ್ಲವೇ ಬೆಲೆ ಬರಲಿಲ್ಲ. ನನ್ನ ನಿವೃತ್ತಿ ಹತ್ತಿರವಾಗುವ ಹೊತ್ತಿಗೆ ಮೂರನೆಯದೊಂದು ಸೇರಿಕೊಂಡಿತ್ತು: ನವಿಲು. ಮೆಕ್ಕೆಜೋಳ ಮೊಳಕೆಯೊಡೆದ ವಾರದಲ್ಲೇ ಸಾಲುಸಾಲು ಕಿತ್ತು ಹಾಕಿವೆ, ಬಿತ್ತಿದ ಶೇಂಗಾ ಕೆದಕಿ ತಿಂದಿವೆ, ಟೊಮೆಟೊ ಕೆಂಪಾಗುತ್ತಿದ್ದಂತೆ ಒಂದೊಂದು ಹಣ್ಣಿಗೂ ಒಂದೊಂದು ಕುಕ್ಕು ಕೊಟ್ಟು ಹೋಗಿವೆ. ನಮ್ಮ ನಮೂನೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಬರ, ನೆರೆ, ಬೆಂಕಿ, ಕೀಟ, ಕೊನೆಗೆ 'ಇತರೆ'. ನವಿಲನ್ನು ಆ 'ಇತರೆ'ಗೆ ಹಾಕುತ್ತಿದ್ದೆ.

ನಾವು ದೇವಾಂಗದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮಗ್ಗದ ಜೊತೆ ಬಂದು ನೆಲೆನಿಂತ ಕನ್ನಡದ ಮನೆಗಳು ಬಹಳ. ಧಾರಾಪುರಂನಲ್ಲಿ ಅಮರಾವತಿ ನದಿಯ ಕಡೆಗೆ ಕಾಡು ಹನುಮಂತರಾಯನ ಗುಡಿಯಿದೆ. ವ್ಯಾಸರಾಯರು ಪ್ರತಿಷ್ಠೆ ಮಾಡಿದ್ದು ಎನ್ನುವುದು ಇಲ್ಲಿನ ನಂಬಿಕೆ. ಇದೇ ವಿರಾಟನ ಪಟ್ಟಣ, ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂದೂ ನಮ್ಮೂರವರು ಹೇಳುತ್ತಾರೆ. ಹಾನಗಲ್ಲಿನವರಿಗೂ ಅದೇ ನಂಬಿಕೆ ಇದೆ ಎಂಬುದು ಗೊತ್ತು. ಆದರೆ ವಿರಾಟನ ದನಗಳ ಮಾತು ಬಂದರೆ ನಾನು ನಮ್ಮೂರಿನ ಪಕ್ಷ. ಕಾಂಗೇಯಂ ಎತ್ತುಗಳ ಸೀಮೆ ಇದು. ಆ ದನಗಳನ್ನು ಸಾಕಿದ ಹುಲ್ಲುಗಾವಲಿನ ಕಥೆ ಹೇಳದೆ ನವಿಲಿನ ಕಥೆ ಹೇಳಲಾಗುವುದಿಲ್ಲ.

ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಬಿದ್ದ ನೆಲ ನಮ್ಮದು. ಆಷಾಢದಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಮೈಮೇಲಿನ ಸೀರೆ ನಿಲ್ಲಗೊಡುವುದಿಲ್ಲ. ಮಳೆ ಮಾತ್ರ ಬರುವುದು ಹಿಂಗಾರಿನಲ್ಲಿ. ಇಂಥ ನೆಲಕ್ಕೆ ಹಿರಿಯರು ಕಂಡುಕೊಂಡ ದಾರಿ 'ಕೊರಂಗಾಡು'. ಕೆಲವು ಎಕರೆಯ ಸ್ವಂತ ಹುಲ್ಲುಗಾವಲು. ಒಳಗೆ ಕೊಳುಕ್ಕಟ್ಟೈ ಹುಲ್ಲು, ನಡುನಡುವೆ ಬಿಳಿಜಾಲಿ ಮರ, ಸುತ್ತಲೂ ಕಿಳುವೈ ಎಂಬ ಮುಳ್ಳುಗಿಡದ ಜೀವಂತ ಬೇಲಿ. ಒಂದು ಗಾವಲಿನಲ್ಲಿ ದನ ಮೇಯುತ್ತಿರುವಾಗ ಇನ್ನೊಂದು ಚಿಗುರುತ್ತಿರುತ್ತದೆ. ಆ ಕಿಳುವೈ ಬೇಲಿಯ ಬುಡದಲ್ಲಿ ಏನೇನಿರುತ್ತಿತ್ತು! ನರಿ ಬಿಲ, ಮುಂಗುಸಿ, ಉಡ, ಕಾಡುಬೆಕ್ಕು, ಗೌಜಲಹಕ್ಕಿ. ನಾನು ಹುಡುಗಿಯಾಗಿದ್ದಾಗ ಮೂಲನೂರಿನ ಕಡೆಯ ನೆಂಟರ ಮನೆಯಲ್ಲಿ ಮಲಗಿದರೆ ರಾತ್ರಿ ನರಿ ಕೂಗು ಕೇಳದೆ ನಿದ್ದೆ ಹತ್ತುತ್ತಿರಲಿಲ್ಲ. ಆಗ ನವಿಲು ನೋಡಬೇಕೆಂದರೆ ಕಾಂಗೇಯಂ ರಸ್ತೆಯ ಊತಿಯೂರು ಬೆಟ್ಟಕ್ಕೋ ಪಳನಿಯ ದಾರಿಗೋ ಹೋಗಬೇಕಿತ್ತು. ಊತಿಯೂರಿನದು ಮುರುಗನ ಬೆಟ್ಟ. ಸುತ್ತ ಮೀಸಲು ಅರಣ್ಯ. ಕೊಂಗಣ ಸಿದ್ಧರು ತಪಸ್ಸು ಮಾಡಿದ ಜಾಗವೆಂದೂ ಹೆಸರು. ಮೆಟ್ಟಿಲು ಹತ್ತುವಾಗ ಬಂಡೆ ಮೇಲೆ ಒಂದು ಗಂಡು ನವಿಲು ಕಂಡರೆ ಅಮ್ಮ ಅಲ್ಲೇ ನಿಂತು ಕೈಮುಗಿಯುತ್ತಿದ್ದಳು.

ಕೊರಂಗಾಡುಗಳು ಒಂದೊಂದಾಗಿ ಹೋದವು. ಕೆಲವು ಸೈಟುಗಳಾದವು, ಕೆಲವು ಗಾಳಿಯಂತ್ರಕ್ಕೆ ಬಿಕರಿಯಾದವು, ಕೆಲವಕ್ಕೆ ಕೊಳವೆಬಾವಿ ಬಂದು ತೆಂಗು ಎದ್ದಿತು. ಬೇಲಿ ಕಿತ್ತಾಗ ನರಿ ಹೋಯಿತು. ಯಾರೂ ನೋಡಿಕೊಳ್ಳದೆ ಬಿಟ್ಟ ಗಾವಲಿನಲ್ಲಿ ಬಳ್ಳಾರಿ ಜಾಲಿ, ತಮಿಳಿನವರ ಸೀಮೈ ಕರುವೇಲಂ, ದಟ್ಟವಾಗಿ ಹಬ್ಬಿತು. ನವಿಲಿಗೆ ಇದಕ್ಕಿಂತ ಇನ್ನೇನು ಬೇಕು? ಮೊಟ್ಟೆ ಕದಿಯುವ ನರಿಯಿಲ್ಲ, ಅಡಗಲು ಮುಳ್ಳಿನ ಪೊದೆಯಿದೆ, ಬೇಸಿಗೆಯಲ್ಲೂ ಹನಿ ನೀರಾವರಿಯ ಪೈಪಿನಲ್ಲಿ ನೀರಿದೆ, ಪೊದೆಯಿಂದ ಹೊರಟರೆ ಮೊದಲು ಸಿಗುವುದೇ ಹೊಲ. 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ, ಮೇಲಿಂದ ಮುರುಗನ ವಾಹನ. ನವಿಲು ಹೆಚ್ಚಿದ್ದು ನಮ್ಮ ಸೀಮೆಯಲ್ಲಷ್ಟೇ ಅಲ್ಲ. 'ಭಾರತದ ಪಕ್ಷಿಗಳ ಸ್ಥಿತಿಗತಿ' ಎಂದು 2023ರಲ್ಲಿ ಬಂದ ವರದಿ ಅನೇಕ ಹಕ್ಕಿಗಳು ಕ್ಷೀಣಿಸುತ್ತಿವೆ ಎನ್ನುತ್ತಲೇ ನವಿಲು ದೇಶದುದ್ದಕ್ಕೂ ಹೆಚ್ಚುತ್ತಿದೆ ಎಂದು ಹೇಳಿತು. ಮೊದಲು ಇರದಿದ್ದ ಕೇರಳದ ಹಸಿರು ಸೀಮೆಗೂ ಅದು ಹೊಕ್ಕಿದೆ. ಒಂದು ಕಡೆ ನವಿಲು ಹೆಚ್ಚಾಯಿತು ಎಂದರೆ ಆ ನೆಲ ಒಣಗಿದೆ, ಅಲ್ಲಿಂದ ಇನ್ನೇನೋ ಕಾಣೆಯಾಗಿದೆ ಎಂದೇ ನಾನೀಗ ತಿಳಿಯುತ್ತೇನೆ.

ನವಿಲು ಎಣಿಸಿ ಹೊಲ ಕಾಯುವ ತಂಡವೊಂದನ್ನು ಕಟ್ಟಬೇಕೆಂದು ನನಗೆ ಅನ್ನಿಸಿದ್ದು ತಮಿಳಿನ ಪುರಟ್ಟಾಸಿ ತಿಂಗಳ ಒಂದು ಬೆಳಿಗ್ಗೆ. ನನ್ನ ಹಳೆಯ ಸಾಲಗಾರರೊಬ್ಬರು ಫೋನ್ ಮಾಡಿ ಕರೆದರು. ಅವರ ಪಕ್ಕದ ಹೊಲದ ಬದುವಿನಲ್ಲಿ ಹೆಣ್ಣು ನವಿಲುಗಳು ಸತ್ತು ಬಿದ್ದಿದ್ದವು. ಒಂದರ ಕಾಲು ಹೊಟ್ಟೆಗೆ ಮಡಚಿಕೊಂಡಿತ್ತು. ಇನ್ನೊಂದರ ಕೊಕ್ಕಿನಲ್ಲಿ ಮೆಕ್ಕೆಜೋಳದ ಕಾಳು ಹಾಗೇ ಕಚ್ಚಿಕೊಂಡಿತ್ತು. ಕಾಳಿಗೆ ಕೀಟನಾಶಕದ ಕಟುವಾಸನೆ. ತುಸು ದೂರದಲ್ಲಿ ಒಂದು ಕಾಗೆ, ಅದರಾಚೆ ಒಂದು ಮುಂಗುಸಿ. ಇರುವೆ ಮಾತ್ರ ಯಾವುದರ ಹತ್ತಿರವೂ ಇರಲಿಲ್ಲ. ಅರಣ್ಯ ಇಲಾಖೆಯವರು ಬಂದರು, ಪಶುವೈದ್ಯರು ಪರೀಕ್ಷೆ ಮಾಡಿದರು, ಅಲ್ಲೇ ಸುಟ್ಟರು. ವಿಷ ಇಟ್ಟವನ ಸಾಲದ ಕಡತ ನನ್ನ ಮೇಜಿನ ಮೇಲೆಯೇ ಇದ್ದದ್ದು. ಅದೇ ಹೊಲಕ್ಕೆ ಆ ತಿಂಗಳು ಎರಡು ಸಲ ಬಿತ್ತಿದ್ದ. ಕಾಯ್ದೆ ಹೇಳುವಂತೆ ಅವನಿಗೆ ಮೂರರಿಂದ ಏಳು ವರ್ಷ ಜೈಲಾಗಬಹುದಿತ್ತು. ಹಕ್ಕಿಗಳು ಹೋದವು, ಅವನ ಸಂಸಾರವೂ ಹೋಗುತ್ತದೆ, ಮುಂದಿನ ವರ್ಷ ಇನ್ನೊಬ್ಬನ ಬದುವಿನಲ್ಲಿ ಇದೇ ನಡೆಯುತ್ತದೆ. ಆ ದಿನ ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಇಷ್ಟು ವರ್ಷ ಇದು ಇವನೊಬ್ಬನ ತಲೆನೋವು ಎಂದು ಬಿಟ್ಟಿದ್ದ ಪೇಟೆಯ ಮೇಲೆ, ಪೇಟೆಯಲ್ಲಿ ಕೂತು ನವಿಲಿನ ವಿಡಿಯೋ ಹಂಚಿಕೊಳ್ಳುವ ನಮ್ಮೆಲ್ಲರ ಮೇಲೆ.

ತಂಡಕ್ಕೆ ಮೊದಲು ಬಂದವರು ನಮ್ಮ ಬೀದಿಯ ಮಗ್ಗದ ಮನೆಯ ಹುಡುಗರು. ಆಮೇಲೆ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಪಾಳಿ ದುಡಿಯುವವರು. ಅವರಿಗೆ ಭಾನುವಾರ ಒಂದೇ ರಜೆ, ಆ ರಜೆಯನ್ನೂ ಕೊಟ್ಟರು. ಕಾಲೇಜಿನ ಎನ್‌ಎಸ್‌ಎಸ್ ಹುಡುಗಿಯರು ಬಂದರು. ರೈತರ ಮಕ್ಕಳು ಬರಲು ತಡವಾಯಿತು. "ಹಕ್ಕಿ ನೋಡೋರ ಜೊತೆ ನಮಗೇನು ಕೆಲಸ?" ಎನ್ನುತ್ತಿದ್ದರು. ಮೂಲನೂರಿನ ಒಬ್ಬ ನುಗ್ಗೆ ಬೆಳೆಗಾರನ ಮಗ ಬಂದ ಮೇಲೆ ಉಳಿದವರೂ ಬಂದರು. ಅವನು ಬಂದದ್ದು ಜಗಳಕ್ಕೆ, ಉಳಿದುಕೊಂಡದ್ದು ಕೆಲಸಕ್ಕೆ.

ಎಲ್ಲರೂ ಸೇರಿದ ಮೊದಲ ಕೂಟದಲ್ಲೇ ಕೆಲವು ಕಟ್ಟಳೆಗಳನ್ನು ಹೇಳಿಬಿಟ್ಟೆ. ಕಲ್ಲು ಎತ್ತುವಂತಿಲ್ಲ. ಪಟಾಕಿ ಇಲ್ಲ. ಗೂಡು ಕಂಡರೆ ಫೋಟೋ ತೆಗೆಯುವಂತಿಲ್ಲ, ತೆಗೆದು ಯಾರಿಗೂ ಕಳಿಸುವಂತಿಲ್ಲ. ಮೊಟ್ಟೆಯನ್ನಂತೂ ಮುಟ್ಟುವಂತಿಲ್ಲ. ಮೊಟ್ಟೆ ತೆಗೆಯುವುದು, ಗೂಡು ಕೆದಕುವುದು ಎರಡೂ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಇದು ರೈತರ ಮಕ್ಕಳಿಗೆ ಒಪ್ಪಿಗೆಯಾಗಲಿಲ್ಲ. "ಹಾಗಾದರೆ ನಾವು ಮಾಡೋದೇನು, ಎಣಿಸೋದಾ?" ಹೌದು, ಮೊದಲು ಎಣಿಸೋದು ಎಂದೆ. ರೈತ ಹೇಳುವ ಲೆಕ್ಕ ಒಂದು, ಪೇಟೆಯವರು ಹೇಳುವ ಲೆಕ್ಕ ಇನ್ನೊಂದು. ಲೆಕ್ಕವೇ ಇಲ್ಲದೆ ಯಾವ ಅಧಿಕಾರಿಯ ಮುಂದೆ ಏನು ಹೇಳುವುದು? ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂತ ನನಗೆ ಅಷ್ಟು ಮಾತ್ರ ಗೊತ್ತಿತ್ತು.

ನವಿಲು ಎಣಿಸಲು ಹಗಲು ಹೊಲದಲ್ಲಿ ಓಡಾಡಿ ಪ್ರಯೋಜನವಿಲ್ಲ. ಒಂದೇ ಹಕ್ಕಿಯನ್ನು ನಾಲ್ಕು ಕಡೆ ಎಣಿಸಿಬಿಡುತ್ತೇವೆ. ಅದಕ್ಕೆ ಮಲಗುವ ಮರ ಗೊತ್ತಿರಬೇಕು. ಸಂಜೆ ಅವು ಹಳೆಯ ಬೇವು, ಹುಣಸೆ, ದೊಡ್ಡ ಬಿಳಿಜಾಲಿಗಳಿಗೆ ಬರುತ್ತವೆ. ಬಂದ ಮರಕ್ಕೇ ಮತ್ತೆ ಬರುತ್ತವೆ. ಒಂದೊಂದು ಮರಕ್ಕೆ ಇಬ್ಬರು. ಬಿಳಿ ಅಂಗಿ ಹಾಕುವಂತಿಲ್ಲ, ಟಾರ್ಚ್ ಹಚ್ಚುವಂತಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಗಂಡು, ಹೆಣ್ಣು, ಮರಿ. ಗಂಡಿನ ಗರಿ ಉದುರುವ ಕಾಲದಲ್ಲಿ ಗಂಡು ಹೆಣ್ಣು ಬೇರೆ ಮಾಡುವುದು ಕಷ್ಟ. ಆಗ ಕತ್ತಿನ ಬಣ್ಣ ನೋಡಬೇಕು, ನೀಲಿಯೋ ಹಸಿರೋ ಎಂದು. ಬೆಳಕು ಇಳಿಯುವ ಮೊದಲಿನ ಕಾಲುಗಂಟೆಯಲ್ಲಿ ಅವು ನೆಲದಿಂದ ಮೊದಲು ಕೆಳಕೊಂಬೆಗೆ ಹಾರುತ್ತವೆ. ರೆಕ್ಕೆಯ ಸದ್ದು ಜಮಖಾನ ಕೊಡವಿದಂತೆ. ಆಮೇಲೆ ಕತ್ತು ಓರೆ ಮಾಡಿ ಮೇಲಿನ ಕೊಂಬೆ ನೋಡುತ್ತವೆ, ಹಾರುತ್ತವೆ, ಮತ್ತೆ ನೋಡುತ್ತವೆ. ಬನಿಯನ್ ಕಂಪನಿಯ ಒಬ್ಬ ಹುಡುಗ ಹಾಗೆ ನೋಡುತ್ತ ನಿಂತವನು ಎಣಿಸುವುದನ್ನೇ ಮರೆತಿದ್ದ. ಅವನಿಗೆ ನಾನು ಏನೂ ಅನ್ನಲಿಲ್ಲ. ಆ ಹುಡುಗನೇ ಮುಂದೆ ನಮ್ಮಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಎಣಿಸುವವನಾದ. ಊತಿಯೂರಿನ ಮೀಸಲು ಅರಣ್ಯದ ಅಂಚಿನಲ್ಲಿ ಇಲಾಖೆಯ ಅನುಮತಿ ಪಡೆದು, ಕಾವಲುಗಾರರ ಜೊತೆಯಲ್ಲೇ ಎಣಿಸಿದೆವು.

ಲೆಕ್ಕ ಒಂದು ಸಂಗತಿಯನ್ನು ಸ್ಪಷ್ಟ ಮಾಡಿತು. ಬೆಟ್ಟದ ಕಾಡಿನೊಳಗಿಗಿಂತ ಕಾಡಿನ ಹೊರಗೆ, ಜಾಲಿ ಹಬ್ಬಿದ ಪಾಳು ಗಾವಲು ಮತ್ತು ಹೊಲ ಒಂದಕ್ಕೊಂದು ತಾಗುವ ಕಡೆ ನವಿಲು ಹೆಚ್ಚು. ಕೊರಂಗಾಡು ಇನ್ನೂ ಚೆನ್ನಾಗಿ ಉಳಿದಿರುವ ಊರುಗಳಲ್ಲಿ ಇವೆ, ಆದರೆ ಹಿತಮಿತವಾಗಿ. ಅಲ್ಲಿ ಮರಿಗಳೂ ಕಡಿಮೆ. ಕಿಳುವೈ ಬೇಲಿಯಲ್ಲಿ ಮುಂಗುಸಿ, ಉಡ ಇನ್ನೂ ಇವೆಯಲ್ಲ.

ಹೀಗಾಗಿ ಜಾಲಿ ಕಡಿಯುವುದು ನಮ್ಮ ಎರಡನೆಯ ಕೆಲಸವಾಯಿತು. 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಆದೇಶದಿಂದ ತಮಿಳುನಾಡಿನಾದ್ಯಂತ ಜಾಲಿ ಕೀಳುವ ಭರಾಟೆ ಎದ್ದಿತ್ತು. ಕೆಲವೇ ತಿಂಗಳಲ್ಲಿ, ಪರಿಣಾಮ ಏನೆಂದು ಅಧ್ಯಯನ ಆಗಲಿ ಎಂದು ಅದಕ್ಕೆ ತಡೆಯೂ ಬಂತು. ಎಲ್ಲವನ್ನೂ ಒಂದೇ ಏಟಿಗೆ ಬೋಳಿಸುವುದು ನನಗೂ ಬೇಡವಾಗಿತ್ತು. ಇದ್ದಿಲು ಸುಟ್ಟು ಬದುಕುವವರಿದ್ದಾರೆ, ಸೌದೆಗೆ ಅದೇ ಗತಿಯಾದವರಿದ್ದಾರೆ. ಹೊಲಕ್ಕೆ ತಾಗಿದ ಪಟ್ಟಿಯನ್ನಷ್ಟೇ, ಯಜಮಾನರ ಒಪ್ಪಿಗೆ ಪಡೆದು, ಗೂಡುಕಟ್ಟುವ ಕಾಲ ಮುಗಿದ ಮೇಲೆ ತೆಗೆಯುತ್ತಿದ್ದೆವು. ಬೇರುಸಹಿತ ತೆಗೆಯದಿದ್ದರೆ ಮರುವರ್ಷಕ್ಕೆ ದುಪ್ಪಟ್ಟು ಚಿಗುರುತ್ತದೆ. ಮುಳ್ಳು ಚುಚ್ಚಿದ ಗಾಯ ವಾರಗಟ್ಟಲೆ ನೋಯುತ್ತದೆ. ಪೊದೆಗೂ ಪೈರಿಗೂ ನಡುವೆ ಬಯಲು ಬಿದ್ದರೆ ನವಿಲು ದಾಟಲು ಅನುಮಾನಿಸುತ್ತದೆ. ಬರುವುದೇ ಇಲ್ಲ ಎಂದಲ್ಲ. ಮೊಳಕೆಯ ಮೊದಲ ಎರಡು ವಾರ ತಪ್ಪಿಸಿದರೆ ಮೆಕ್ಕೆಜೋಳ ಉಳಿದುಕೊಳ್ಳುತ್ತದೆ, ಅಷ್ಟೇ ನಮಗೆ ಬೇಕಾಗಿದ್ದದ್ದು. ಆ ಎರಡು ವಾರ ತಂಡದವರು ಸರದಿಯ ಮೇಲೆ ಬೆಳಗಿನ ಜಾವ ಹೊಲಗಳಲ್ಲಿ ಓಡಾಡುತ್ತಿದ್ದರು. ಮನುಷ್ಯ ಓಡಾಡಿದರೆ ಸಾಕು, ಬೇರೆ ಯಾವ ಹತ್ಯಾರವೂ ಬೇಡ. ಬೆಚ್ಚುಬೊಂಬೆಗೆ, ಹೊಳೆಯುವ ರಿಬ್ಬನ್ನಿಗೆ ಅವು ಬೇಗ ಒಗ್ಗಿಹೋಗುತ್ತವೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಹೊಲದಲ್ಲಿರಲಿಲ್ಲ, ಪೇಟೆಯ ಹಿತ್ತಿಲುಗಳಲ್ಲಿತ್ತು. ಷಷ್ಠಿಗೆ, ಕೃತ್ತಿಕೆಗೆ ಎಂದು ಹರಕೆ ಹೊತ್ತು ನವಿಲಿಗೆ ದಿನವೂ ಅಕ್ಕಿ, ಕಂಬು (ಸಜ್ಜೆ) ಚೆಲ್ಲುವ ಮನೆಗಳು ಊರ ಹೊರವಲಯದಲ್ಲಿ ಹಲವಿದ್ದವು. ಬೆಳಿಗ್ಗೆ ಹಿತ್ತಿಲಲ್ಲಿ ಕಾಳು ತಿಂದ ಹಿಂಡೇ ಆಮೇಲೆ ಪಕ್ಕದ ಹೊಲಕ್ಕೆ ಇಳಿಯುತ್ತಿತ್ತು. ಒಬ್ಬ ತಾಯಿಯ ಮನೆಗೆ ನಾನೇ ಹೋದೆ. ಮಗ ಉಳಿದದ್ದು ಮುರುಗನ ದಯೆಯಿಂದ ಎಂದು ನಂಬಿದ್ದವರು. "ನಿಲ್ಲಿಸು ಅಂತ ನನಗೆ ಹೇಳಬೇಡಮ್ಮ" ಎಂದರು. ನಾನು ನಿಲ್ಲಿಸಿ ಅನ್ನಲಿಲ್ಲ. ಮಾರನೆಯ ವಾರ, ಎರಡನೇ ಸಲ ಬಿತ್ತಿದ್ದೂ ಹೋದ ಒಬ್ಬ ವಿಧವೆ ರೈತೆಯನ್ನು ಜೊತೆಗೆ ಕರೆದುಕೊಂಡು ಹೋದೆ. ಇಬ್ಬರೂ ಹಿತ್ತಿಲಲ್ಲಿ ಕೂತು ಮಾತಾಡಿದರು. ಇಬ್ಬರೂ ವರ್ಷಕ್ಕೊಮ್ಮೆ ಪಳನಿಗೆ ನಡೆದು ಹೋಗುವವರೇ. ಕೊನೆಗೆ ಆ ತಾಯಿ ಒಳಗೆ ಹೋಗಿ ತಿಂಗಳಿಗೆಂದು ಎತ್ತಿಟ್ಟಿದ್ದ ಕಂಬಿನ ಚೀಲವನ್ನೇ ತಂದು ಆಕೆಯ ಮುಂದಿಟ್ಟರು. "ಅವನ ವಾಹನ ನಿನ್ನದನ್ನ ತಿಂದಿದೆ. ಲೆಕ್ಕಕ್ಕೆ ಇದು ನಿನ್ನದೇ." ಅಲ್ಲಿಂದ ನಮ್ಮ ಬಿತ್ತನೆ ಬೀಜದ ನಿಧಿ ಶುರುವಾಯಿತು. ಹರಕೆಯ ಕಾಳಿನ ಬೆಲೆಯಲ್ಲಿ ಒಳ್ಳೆಯ ಬೀಜ ಕೊಂಡು, ನವಿಲಿಗೆ ಮೊದಲ ಬಿತ್ತನೆ ಕಳೆದುಕೊಂಡವರಿಗೆ ಹಂಚುವುದು. ಎಲ್ಲ ಮನೆಗಳೂ ಒಪ್ಪಲಿಲ್ಲ. ಗೇಟು ತೆಗೆಯದವರೂ ಇದ್ದರು. ಒಪ್ಪಿದವರ ಹೆಸರು ಬರೆದಿಟ್ಟ ಪುಸ್ತಕ ಈಗಲೂ ನನ್ನ ಕೈಯಲ್ಲಿದೆ. ನನ್ನ ಇಡೀ ಉದ್ಯೋಗದಲ್ಲಿ ಬರೆದ ಯಾವ ಲೆಡ್ಜರೂ ನನಗೆ ಇಷ್ಟು ಹೆಮ್ಮೆ ಕೊಟ್ಟಿಲ್ಲ.

ಆ ವರ್ಷಗಳಲ್ಲೇ ಹಾವೇರಿ ಜಿಲ್ಲೆಯ ನೆಂಟರ ಮನೆಗೆ ಹೋಗಿದ್ದೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಆದ ಕೃಷ್ಣಮೃಗ ಅಭಯಾರಣ್ಯವಿದೆ, 119 ಚದರ ಕಿಲೋಮೀಟರ್. ಕೃಷ್ಣಮೃಗ ಉಳಿಯಿತು, ಸಾವಿರಗಟ್ಟಲೆ ಬೆಳೆಯಿತು. ಬಯಲಿನಲ್ಲೆಲ್ಲ ನೀಲಗಿರಿ ನೆಟ್ಟರು. ಅಲ್ಲಿದ್ದ ಎರ್ಲಡ್ಡು ಹಕ್ಕಿ ಕಾಣೆಯಾಯಿತು. ಕೃಷ್ಣಮೃಗಗಳಿಂದ ಪೈರು ಕಾಯಲು ಸುತ್ತಲ ರೈತರು ಮೆಕ್ಕೆಜೋಳದ ಹೊಲದಲ್ಲಿ ರಾತ್ರಿಯೆಲ್ಲ ಎದ್ದಿರುತ್ತಾರೆ. ಹೊಲದ ಅಟ್ಟಣಿಗೆಯ ಮೇಲೆ ಕೂತ ಒಬ್ಬರ ಜೊತೆ ಮಾತಾಡಿದೆ. ಭಾಷೆ ಶುದ್ಧ ಕನ್ನಡ, ಆದರೆ ಮಾತು ನಮ್ಮ ಮೂಲನೂರಿನವರದೇ. ಅದೇ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವೂ ಇದೆ. ನೋಡಿಕೊಂಡು ಬಂದೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಅಲ್ಲಿನ ಕಥೆ ಹೇಳುತ್ತಿರುತ್ತಾನೆ. ನಾರ್ತ್ ಡಕೋಟಾದ ಥಿಯೋಡೋರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಎಲ್ಕ್ ಜಿಂಕೆ ವಿಪರೀತವಾದಾಗ 2010ರಲ್ಲಿ ಬಂದೂಕು ಹಿಡಿದ ಸ್ವಯಂಸೇವಕರ ತಂಡಗಳನ್ನು ಕಟ್ಟಿ, ಉದ್ಯಾನದ ಸಿಬ್ಬಂದಿಯೊಬ್ಬರನ್ನು ಮುಂದಿಟ್ಟು ಅವುಗಳ ಸಂಖ್ಯೆ ಇಳಿಸಿದರು. ಮಾಂಸ ಬಡವರ ಅಡುಗೆಮನೆಗೂ ಹೋಯಿತು. 2021ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕಾಡೆಮ್ಮೆ (ಬೈಸನ್) ಕಡಿಮೆ ಮಾಡಲು ಹನ್ನೆರಡು ಸ್ವಯಂಸೇವಕರು ಬೇಕೆಂದಾಗ 45,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರಂತೆ. ಇದನ್ನು ಕೂಟದಲ್ಲಿ ಹೇಳಿದಾಗ ಮೂಲನೂರಿನ ಹುಡುಗನ ಕಣ್ಣು ಅರಳಿತು. ನನಗೆ ಅವರ ಶಿಸ್ತಿನ ಬಗ್ಗೆ ಗೌರವವಿದೆ. ಎಣಿಸಿ, ಗುರಿ ಬರೆದಿಟ್ಟು, ಸತ್ತ ಪ್ರತಿಯೊಂದು ಪ್ರಾಣಿಗೂ ಲೆಕ್ಕ ಕೊಟ್ಟು ಮಾಡಿದ ಕೆಲಸ ಅದು. ಆದರೆ ಅಲ್ಲೂ ಮೊದಲು ಕಳೆದುಹೋದದ್ದು ತೋಳ. ತೋಳವಿಲ್ಲದ ಕಾಡಿನಲ್ಲಿ ಮನುಷ್ಯ ತೋಳನ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರಬೇಕು. ನಮ್ಮ ತಂಡದ ಮಕ್ಕಳಿಗೆ ಆ ಕೆಲಸ ಹಚ್ಚಲು ನನಗೆ ಮನಸ್ಸಿಲ್ಲ.

ನಮ್ಮಲ್ಲಿ ನರಿಯ ಜಾಗಕ್ಕೆ ಬಂದದ್ದು ಬೀದಿನಾಯಿ. ಮಾಂಸದ ಅಂಗಡಿಗಳ ಕಸ ತಿಂದು ಬೆಳೆದ ಹಿಂಡುಗಳು. ಅವು ನವಿಲಿನ ಮರಿಯನ್ನೂ ಬಿಡುವುದಿಲ್ಲ, ದೊಡ್ಡಿಯೊಳಗೆ ನುಗ್ಗಿ ಕುರಿಗಳನ್ನೂ ಕೊಲ್ಲುತ್ತವೆ. ಕಾಂಗೇಯಂ, ಧಾರಾಪುರಂ ಕಡೆಯ ರೈತರು ಸತ್ತ ಕುರಿಗಳನ್ನು ರಸ್ತೆಗೆ ತಂದಿಟ್ಟು ಪರಿಹಾರಕ್ಕೆ ಕೂತದ್ದು ಈಚಿನ ಮಾತು. 2023ರಲ್ಲಿ ಊತಿಯೂರಿನ ಕಾಡಿಗೆ ಚಿರತೆಯೊಂದು ಬಂದು ಸೇರಿಕೊಂಡಾಗ, ನವಿಲಿಗೂ ನಾಯಿಗೂ ಇನ್ನು ಯಜಮಾನ ಬಂದ ಎಂದು ಕೆಲವರಿಗೆ ಸಂತೋಷವಾಗಿತ್ತು. ಕರು, ಮೇಕೆ ಹೋಗತೊಡಗಿದಾಗ ಆ ಸಂತೋಷ ಅಳಿಯಿತು. ಇಲಾಖೆಯವರು ಬೋನು ಇಟ್ಟರು, ಕ್ಯಾಮೆರಾ ಇಟ್ಟರು. ನಮ್ಮ ಬೆಟ್ಟದಂಚಿನ ಎಣಿಕೆ ನಿಂತಿತು. ಹುಡುಗಿಯರನ್ನು ಕತ್ತಲಲ್ಲಿ ಅಲ್ಲಿ ನಿಲ್ಲಿಸುವ ಪ್ರಶ್ನೆಯೇ ಇರಲಿಲ್ಲ.

ನನಗೀಗ ಮೊಣಕಾಲು ನೋವು. ತಂಡವನ್ನು ಎನ್‌ಎಸ್‌ಎಸ್‌ನಿಂದ ಬಂದ ಹುಡುಗಿಯೊಬ್ಬಳು ನಡೆಸುತ್ತಿದ್ದಾಳೆ. ಅವಳು ಎಣಿಕೆಗಿಂತ ಬೇಲಿಗೆ ಹೆಚ್ಚು ಒತ್ತು ಕೊಟ್ಟಿದ್ದಾಳೆ. ಕಿಳುವೈ ಕೊಂಬೆ ಕಡಿದು ನೆಟ್ಟರೆ ಬದುಕುತ್ತದೆ. ಜಾಲಿ ತೆಗೆದ ಪಟ್ಟಿಗಳಲ್ಲಿ ಗಾವಲಿನ ಯಜಮಾನರನ್ನು ಒಪ್ಪಿಸಿ ಅದನ್ನೇ ನೆಡಿಸುತ್ತಿದ್ದಾಳೆ. ಬೇಲಿ ದಟ್ಟವಾಗಲು ವರ್ಷಗಳು ಬೇಕು. ನರಿ ಬರುತ್ತದೋ ಇಲ್ಲವೋ ನರಿಗೇ ಬಿಟ್ಟದ್ದು. ಬೀಜದ ನಿಧಿಯ ಲೆಕ್ಕ ಮಾತ್ರ ನನ್ನ ಹತ್ತಿರವೇ ಇದೆ.

ಮೂಲನೂರಿನ ಹುಡುಗ ಈ ಸಲ ಸರ್ಕಾರಕ್ಕೊಂದು ಮನವಿ ಬರೆದಿದ್ದಾನೆ. ಪ್ರತಿ ವರ್ಷ ಅಧಿಕೃತ ಎಣಿಕೆ ಆಗಬೇಕು, ಬೆಳೆಹಾನಿಗೆ ಬಿತ್ತನೆ ಹಂಗಾಮು ಮುಗಿಯುವುದರೊಳಗೆ ಪರಿಹಾರ ಸಿಗಬೇಕು, ಹಾವಳಿ ಮಿತಿಮೀರಿದ ಕಡೆ ಇಲಾಖೆಯೇ ಮೊಟ್ಟೆ ತೆಗೆಯಲು ಕಾಯ್ದೆಯಲ್ಲಿ ಅವಕಾಶ ಮಾಡಬೇಕು ಎಂದು ಮೂರು ಬೇಡಿಕೆ. ನನ್ನ ಸಹಿಗೆ ತಂದ. ಮೊದಲೆರಡಕ್ಕೆ ಹಾಕುತ್ತೇನೆ, ಮೂರನೆಯದಕ್ಕೆ ಇಲ್ಲ ಎಂದೆ. ಅದು ನನ್ನ ಅಮ್ಮನ ಕೈಮುಗಿದ ನೆನಪಿಗಾಗಿ ಅಲ್ಲ ಎಂಬುದನ್ನೂ ಹೇಳಿದೆ. ಮೊಟ್ಟೆ ತೆಗೆಯುವುದು ಸುಲಭವಾದರೆ ಬೇಲಿ ನೆಡುವವರು ಯಾರೂ ಉಳಿಯುವುದಿಲ್ಲ. ಅವನು ಒಪ್ಪಲಿಲ್ಲ. ರಾತ್ರಿ ಕೂತು ಮನವಿಯನ್ನು ಎರಡು ಹಾಳೆ ಮಾಡಿಕೊಂಡು ಬೆಳಿಗ್ಗೆ ಮತ್ತೆ ಬಂದ. ಮೊದಲ ಹಾಳೆಯಲ್ಲಿ ನನ್ನ ಸಹಿ, ಎರಡನೆಯದರಲ್ಲಿ ಅವನದು ಮತ್ತು ಅವನ ಊರಿನ ರೈತರದು. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ತಿರುಪ್ಪೂರಿಗೆ ಕಳಿಸಿದ್ದೇವೆ. ಭಾನುವಾರದ ಎಣಿಕೆಗೆ ಅವನದು ಉಪ್ಪಾರು ಅಣೆಕಟ್ಟಿನ ಕಡೆಯ ಹುಣಸೆಮರ.